ಪಡಿಯಚ್ಚಿನಲ್ಲಿ ಪದಪಾಠ: ಲಂಡನ್ನಿನ ಕಾಸ್ಟ್ ಕೋರ್ಟ್ಸ್

ಟಿಂಪನಮ್, ಆರ್ಕಿವೋಲ್ಟ್, ಟ್ರೂಮೋ, ವೂಸ್ವಾರ್. ಪಾಶ್ಚಾತ್ಯ ಕಲಾ ಇತಿಹಾಸ ಓದುವವರು ಈ ಪಟ್ಟಿಯನ್ನು ಉರು ಹೊಡೆದು ಪರೀಕ್ಷೆ ದಾಟುತ್ತಾರೆ. ಆಮೇಲೆ ನಿಜವಾದ ಚರ್ಚಿನ ಬಾಗಿಲ ಮುಂದೆ ನಿಂತರೆ ಯಾವುದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಗೊತ್ತಾಗದೆ ತಬ್ಬಿಬ್ಬಾಗುತ್ತಾರೆ. ಇದಕ್ಕೆ ಲಂಡನ್ನಿನಲ್ಲಿ ಬಿಟ್ಟಿ ಮದ್ದೊಂದಿದೆ. ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಕಾಸ್ಟ್ ಕೋರ್ಟ್ಸ್. 1873ರಲ್ಲಿ ತೆರೆದ ಈ ಎತ್ತರದ ಅಂಗಣಗಳಲ್ಲಿ ಇರುವುದು ಬಹುಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಪಡಿಯಚ್ಚುಗಳು. ನಕಲು ಎಂದು ಮೂಗು ಮುರಿಯುವವರಿದ್ದಾರೆ. ಪದ ಕಲಿಯಲು ಬಂದವರಿಗಂತೂ ಇದೇ ಅನುಕೂಲ: ರೋಮಿನ ಕಂಬವೂ ಸ್ಪೇನಿನ ಬಾಗಿಲೂ ಒಂದೇ ಸೂರಿನಡಿ, ಅಸಲಿನಷ್ಟೇ ದೊಡ್ಡದಾಗಿ ಸಿಗುತ್ತವೆ.

ನೇರವಾಗಿ 46ಎ ಕೋಣೆಗೆ, ಪೋರ್ಟಿಕೊ ದೆ ಲಾ ಗ್ಲೋರಿಯಾ ಎಂಬ ಚರ್ಚಿನ ಬಾಗಿಲ ಮುಂದೆ ಹೋಗಿ. ಮೂಲ ಇರುವುದು ಸ್ಪೇನಿನ ಸ್ಯಾಂಟಿಯಾಗೊ ದೆ ಕಾಂಪೊಸ್ಟೆಲಾದ ಕ್ಯಾಥೆಡ್ರಲ್‌ನಲ್ಲಿ, ಶಿಲ್ಪಿ ಮಾಸ್ಟರ್ ಮತೇಯೊನ ಕೆಲಸ. ಲಿಂಟೆಲ್, ಎಂದರೆ ಬಾಗಿಲ ಮೇಲಿನ ಅಡ್ಡತೊಲೆ, ಕೂರಿಸಿದ ವರ್ಷ 1188 ಎಂದು ಶಾಸನವೇ ಹೇಳುತ್ತದೆ. ಪಡಿಯಚ್ಚು ಮಾಡುವ ಡೊಮೆನಿಕೊ ಬ್ರುಚ್ಚಿಯಾನಿ 1866ರಲ್ಲಿ ಅಚ್ಚು ತೆಗೆದ. ಮೂರು ಕಮಾನುಗಳಲ್ಲಿ ನಡುವಿನದನ್ನು ಹಿಡಿದು, ಹತ್ತು ಹೆಜ್ಜೆ ಹಿಂದೆ ನಿಂತು, ಕೆಳಗಿನಿಂದ ಮೇಲಕ್ಕೆ ಓದಬೇಕು. ಬಾಗಿಲನ್ನು ಎರಡಾಗಿ ಸೀಳುವ ನಡುಗಂಬ ಟ್ರೂಮೋ. ಅದರ ದಿಂಡಿನ ಮೇಲೆ ಯೇಸುವಿನ ವಂಶವೃಕ್ಷ, ಅದರ ಮೇಲೆ ಕುಳಿತ ಸಂತ ಜೇಮ್ಸ್. ಎರಡೂ ಪಕ್ಕದ ಬಾಗಿಲವಾಡ ಜ್ಯಾಮ್. ಅಲ್ಲಿ ನಿಂತ ಪ್ರವಾದಿಗಳಲ್ಲಿ ನಗುಮೊಗದ ದಾನಿಯೇಲನನ್ನು ತಪ್ಪಿಸಿಕೊಳ್ಳಬೇಡಿ. ಕಂಬದ ತಲೆಯ ಕೆತ್ತನೆ, ನಾವು ಬೋದಿಗೆ ಎನ್ನುವುದು, ಇಲ್ಲಿ ಕ್ಯಾಪಿಟಲ್. ಲಿಂಟೆಲ್ ಮೇಲಿನ ಅರ್ಧವೃತ್ತದ ಹಲಗೆ ಟಿಂಪನಮ್: ನಡುವೆ ಕ್ರಿಸ್ತ, ಸುತ್ತ ನಾಲ್ವರು ಸುವಾರ್ತೆಕಾರರು. ಅದನ್ನು ಬಳಸಿದ ಕಮಾನಿನ ಪಟ್ಟಿ ಆರ್ಕಿವೋಲ್ಟ್. ಅಲ್ಲಿ ಬೈಬಲ್ಲಿನ ಪ್ರಕಟಣೆ ಗ್ರಂಥದ 24 ಹಿರಿಯರು ವಾದ್ಯ ಹಿಡಿದು ಬಂಡಿಚಕ್ರದ ಅರಗಳ ಹಾಗೆ ಕುಳಿತಿದ್ದಾರೆ. ನೆತ್ತಿಯಲ್ಲಿರುವ ಇಬ್ಬರು ಆರ್ಗನಿಸ್ಟ್ರಮ್ ಎಂಬ ಒಂದೇ ತಂತಿವಾದ್ಯವನ್ನು ತೊಡೆಯ ಮೇಲೆ ಹಂಚಿಕೊಂಡಿರುವುದನ್ನು ನೋಡಿದರೆ ಆರ್ಕಿವೋಲ್ಟ್ ಎಂಬ ಪದ ಜನ್ಮದಲ್ಲಿ ಮರೆಯುವುದಿಲ್ಲ.

ಟಿಂಪನಮ್ಮನ್ನು ಪೆಡಿಮೆಂಟ್ ಜೊತೆ ಕಲಸುವುದು ಸಾಮಾನ್ಯ ತಪ್ಪು. ಗ್ರೀಕ್ ಗುಡಿಯ ಮುಂಭಾಗದ ತ್ರಿಕೋನ, ಅಂಚುಪಟ್ಟಿಯೂ ಸೇರಿ, ಪೆಡಿಮೆಂಟ್. ಅದರೊಳಗಿನ ಗೋಡೆಯಷ್ಟೇ ಟಿಂಪನಮ್. ಮಧ್ಯಯುಗದಲ್ಲಿ ತ್ರಿಕೋನ ಹೋಗಿ ಕಮಾನು ಬಂದರೂ ಒಳಗಿನ ಜಾಗದ ಹೆಸರು ಉಳಿಯಿತು.

ಇನ್ನೊಂದು ಎಡವಟ್ಟು ಪಡಿಯಚ್ಚಿನದೇ. ಕಮಾನು ಕಟ್ಟುವ ಬೆಣೆಯಾಕಾರದ ಕಲ್ಲು ವೂಸ್ವಾರ್. ಅದನ್ನು ಹುಡುಕುತ್ತ ಪ್ಲಾಸ್ಟರಿನ ಮೇಲಿನ ಸಣ್ಣ ಗೆರೆಗಳನ್ನೇ ಕಲ್ಲಿನ ಸಂದು ಎಂದುಕೊಳ್ಳುವವರು ಬಹಳ. ಆಳವಾಗಿ ಒಳಕೊರೆದ ಶಿಲ್ಪದಿಂದ ಗಟ್ಟಿ ಅಚ್ಚು ಇಡಿಯಾಗಿ ಬಿಟ್ಟುಬರುವುದಿಲ್ಲ. ತುಂಡುತುಂಡಾಗಿ ತೆಗೆದು ಜೋಡಿಸಬೇಕು. ಆ ಜೋಡಣೆಯ ಗುರುತು ಕೆಲವೆಡೆ ಉಳಿಯುತ್ತದೆ. ಕಮಾನುಗಲ್ಲಿನ ಸಂದುಗಳು ಕಮಾನಿನ ಕೇಂದ್ರದತ್ತ ಮುಖ ಮಾಡಿರುತ್ತವೆ, ಅಚ್ಚಿನ ಗೆರೆ ಮನಸ್ಸು ಬಂದ ಕಡೆ ಹೋಗುತ್ತದೆ.

ಅದೇ ಕೋಣೆಯಲ್ಲಿ ರೋಮನ್ ಚಕ್ರವರ್ತಿ ಟ್ರಾಜನ್‌ನ ವಿಜಯಸ್ತಂಭ. ಮೂಲ ರೋಮಿನಲ್ಲಿದೆ, ಕ್ರಿ.ಶ. 113ರದು, ಪೀಠ ಸೇರಿ ಸುಮಾರು 35 ಮೀಟರ್. ಸೂರಿಗೆ ಅಷ್ಟೆತ್ತರ ಸಾಲದೆ ಎರಡು ತುಂಡು ಮಾಡಿ ಪಕ್ಕಪಕ್ಕ ನಿಲ್ಲಿಸಿದ್ದಾರೆ. ಕಾಣಲು ಎರಡು ಕಾರ್ಖಾನೆ ಚಿಮಣಿಗಳಂತಿದ್ದರೂ ಕಲಿಯುವವರಿಗೆ ಇದು ಲಾಭವೇ, ಮೇಲಿನ ಅರ್ಧ ಅಷ್ಟು ಹತ್ತಿರ ಬರುತ್ತದೆ. ಪೀಠದ ಮೇಲೆ ಲಾರೆಲ್ ಮಾಲೆಯಂತೆ ಕೆತ್ತಿದ ದಪ್ಪ ಉಬ್ಬುಬಳೆ ಟೋರಸ್. ದಿಂಡನ್ನು ಸುತ್ತಿ ಏರುವ ಕೆತ್ತನೆಯ ಪಟ್ಟಿ ಫ್ರೀಜ್, ಅದರಲ್ಲಿ ಡೇಸಿಯನ್ನರ ಮೇಲೆ ಟ್ರಾಜನ್ ಮಾಡಿದ ಯುದ್ಧಗಳ ಕಥೆ. 23 ಸುತ್ತು, ಬಿಡಿಸಿ ಹಾಸಿದರೆ ಸುಮಾರು 200 ಮೀಟರ್. ಹಳೇಬೀಡಿನ ಆನೆಸಾಲು ಕಂಡವರಿಗೆ ಪಟ್ಟಿಕೆ ಹೊಸದಲ್ಲ. ಆದರೆ ಅಲ್ಲಿ ಜಗತಿಯ ಮೇಲೆ ಪ್ರದಕ್ಷಿಣೆ ಬರುತ್ತೇವೆ. ಇಲ್ಲಿ ಕಥೆ ಎಡದಿಂದ ಬಲಕ್ಕೆ ಸಾಗುವುದರಿಂದ ಓದುಗರಿಗೆ ಅಪ್ರದಕ್ಷಿಣೆಯೇ ಗತಿ! ಬುಡದಲ್ಲಿ ಡ್ಯಾನ್ಯೂಬ್ ನದಿಯ ದೇವರು ನೀರಿನಿಂದ ಏಳುತ್ತಾನೆ, ಅಲ್ಲಿಂದ ಶುರು ಮಾಡಿ. ಗುರಾಣಿಯ ಮೇಲೆ ಬರೆಯುವ ವಿಜಯದೇವತೆ ಸಿಕ್ಕರೆ ಮೊದಲ ಡೇಸಿಯನ್ ಯುದ್ಧ ಮುಗಿಯಿತೆಂದು ಅರ್ಥ.

ಫ್ರೀಜ್ ಮತ್ತು ರಿಲೀಫ್ ಒಂದೇ ಅಲ್ಲ. ಫ್ರೀಜ್ ಎಂಬುದು ಪಟ್ಟಿಯ ಹೆಸರು, ರಿಲೀಫ್ ಉಬ್ಬಿನ ಹೆಸರು. ಕಂಬದ ಹೊರಗೆರೆ ಕೆಡದಿರಲೆಂದು ಇಲ್ಲಿ ಉಬ್ಬು ತೀರ ಕಡಿಮೆ. ಪೋರ್ಟಿಕೊದ ಪ್ರವಾದಿಗಳು ಬಹುತೇಕ ಕಂಬ ಬಿಟ್ಟು ಹೊರಬಂದಿದ್ದಾರೆ. ತಿರುಗಿ ನಿಂತು ಒಂದನ್ನೊಂದು ಹೋಲಿಸಿ ನೋಡಿದರೆ ಸಾಕು, ತಗ್ಗು ಉಬ್ಬು, ಹೆಚ್ಚು ಉಬ್ಬು ಎಂಬ ಪಾಠ ಮುಗಿಯಿತು. ಈ ಒಂದು ಕೆಲಸಕ್ಕಾಗಿಯೇ ಇಲ್ಲಿಗೆ ಹೋಗಬಹುದು.

46ಬಿ ಇಟಲಿಯ ಕೋಣೆ. ಮೈಕೆಲ್ಯಾಂಜೆಲೊನ ಡೇವಿಡ್ ಮುಂದೆ ಫೋಟೊಗೆ ನೂಕುನುಗ್ಗಲು, ಆದರೆ ಅದು ಪುನರುಜ್ಜೀವನ ಕಾಲದ್ದು. ನಮ್ಮ ಪಟ್ಟಿಗೆ ಬೇಕಾದದ್ದು ಜೊವಾನಿ ಪಿಸಾನೊ ಪೀಸಾದಲ್ಲಿ ಮಾಡಿದ ಪಲ್ಪಿಟ್, ಎಂದರೆ ಕಂಬಗಳ ಮೇಲೆ ನಿಂತ ಪ್ರವಚನಪೀಠ.

ಕೊರತೆಗಳೂ ಇವೆ. ಬಣ್ಣ ಮುಖ್ಯ ಕೊರತೆ: ಮೂಲ ಪೋರ್ಟಿಕೊದಲ್ಲಿ ಇಂದಿಗೂ ಬಣ್ಣದ ಪದರಗಳಿವೆ, ಇಲ್ಲಿ ಅವಿಲ್ಲ. ಮಧ್ಯಯುಗದ ಶಿಲ್ಪವೆಂದರೆ ಬೋಳು ಬೂದು ಎಂದು ತಿಳಿದು ಬಂದರೆ ಕಲಿತದ್ದು ಅರ್ಧ. ವಾಲ್ಟ್, ಎಂದರೆ ಕಲ್ಲಿನ ಕಮಾನುಚಾವಣಿ, ಕಲಿಯಲೂ ಇದು ಜಾಗವಲ್ಲ. ಅದಕ್ಕೆ ಲಂಡನ್ ಟವರ್‌ನ ಸೇಂಟ್ ಜಾನ್ಸ್ ಚಾಪೆಲ್‌ಗೆ ಹೋಗಬೇಕು, ಟಿಕೆಟ್ ಇದೆ. ನಡುಭಾಗದ ಮೇಲೆ ಪೀಪಾಯಿಯಂತಹ ಬ್ಯಾರೆಲ್ ವಾಲ್ಟ್, ಪಕ್ಕದ ಸಾಲುಗಳ ಮೇಲೆ ಎರಡು ಪೀಪಾಯಿಗಳು ಒಂದನ್ನೊಂದು ಅಡ್ಡ ಹಾಯ್ದಂತಹ ಗ್ರಾಯ್ನ್ ವಾಲ್ಟ್ ಒಟ್ಟಿಗೇ ಕಾಣುತ್ತವೆ. ಫ್ಲೈಯಿಂಗ್ ಬಟ್ರೆಸ್, ಎಂದರೆ ಗೋಡೆಗೆ ಹೊರಗಿನಿಂದ ಆನಿಕೆ ಕೊಡುವ ಅರೆಗಮಾನು, ನೋಡಲು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಹೊರಗೆ ನಿಂತರೂ ಆಯಿತು.

ಮ್ಯೂಸಿಯಮ್ ಬೆಳಿಗ್ಗೆ 10ರಿಂದ ಸಂಜೆ 5.45, ಶುಕ್ರವಾರ ರಾತ್ರಿ 10ರವರೆಗೆ. ಶಾಶ್ವತ ಗ್ಯಾಲರಿಗಳಿಗೆ ಶುಲ್ಕವಿಲ್ಲ. ಎರಡು ಗಂಟೆ ಇಟ್ಟುಕೊಳ್ಳಿ. ಬಾಗಿಲಿನ ಖಾಲಿ ರೇಖಾಚಿತ್ರವೊಂದನ್ನು ಮನೆಯಲ್ಲೇ ಬರೆದು ತಂದು, ಪೋರ್ಟಿಕೊದ ಮುಂದೆ ನಿಂತು ಹೆಸರು ತುಂಬಿ. ಕೊನೆಗೆ ಮೇಲಿನ ಗಿಲ್ಬರ್ಟ್ ಬೇಯ್ಸ್ ಗ್ಯಾಲರಿಗೆ ಹತ್ತಿ. ಅಲ್ಲಿಂದ ಅಂಗಣ ಕೆಳಗೆ ಕಾಣುತ್ತದೆ.

ಮರುದಿನ ಬಿಡುವಿದ್ದರೆ ಬ್ರಿಟಿಷ್ ಮ್ಯೂಸಿಯಮ್ಮಿನ 18ನೇ ಕೋಣೆ, ಅಥೆನ್ಸಿನ ಪಾರ್ಥೆನಾನ್ ಗುಡಿಯ ಶಿಲ್ಪಗಳು. ಬಿಡಿಬಿಡಿ ಚೌಕ ಹಲಗೆಯ ಕೆತ್ತನೆಯಾದ ಮೆಟೋಪ್‌ಗೂ ಎಡೆಬಿಡದೆ ಸಾಗುವ ಫ್ರೀಜ್‌ಗೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಒಂದು ಎಚ್ಚರಿಕೆ: ಗುಡಿಯಲ್ಲಿ ಆ ಫ್ರೀಜ್ ಒಳಗೋಡೆಯ ಹೊರಮೈಯಲ್ಲಿ, ತಲೆಯೆತ್ತಿ ನೋಡುವಷ್ಟು ಮೇಲಿತ್ತು. ಇಲ್ಲಿ ಕೋಣೆಯ ಒಳಮುಖವಾಗಿ, ಕಣ್ಣಿನ ಎತ್ತರಕ್ಕೆ ಇಳಿಸಿದ್ದಾರೆ. ನೋಡುವಾಗ ಅದನ್ನು ಮನಸ್ಸಿನಲ್ಲೇ ಅಂಗಿಯಂತೆ ಒಳಹೊರಗು ಮಾಡಿಕೊಳ್ಳಬೇಕು.