ಬಾರ್ಲಿ ಬಿಟ್ಟವನ ಗ್ಲಾಸಿಗೆ ಸೈಡರ್

ನನಗೆ ಸೀಲಿಯಾಕ್ ಕಾಯಿಲೆ ಇದೆ, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನು ಕರುಳಿಗೆ ಆಗಲ್ಲ. ಕಾರವಾರದವನಿಗೆ ಗೋಧಿ ಬಿಡೋದು ದೊಡ್ಡ ವಿಷಯವೇನಲ್ಲ, ಮೂರು ಹೊತ್ತೂ ಅನ್ನ, ಮೀನು ಸಾರು ಇದ್ದೇ ಇದೆ. ಕಾಡಿದ್ದು ಬಾರ್ಲಿಯಿಂದ ಮಾಡುವ ಬಿಯರ್. ಕೆಲವು ವರ್ಷಗಳಿಂದ ಅದರ ಜಾಗಕ್ಕೆ ಸೇಬಿನಿಂದ ಮಾಡುವ ಸೈಡರ್ ಬಂದಿದೆ.

ವೈನ್ ಶಾಪಿನಲ್ಲಿ "ಇದು ಅಕ್ಕಿ ಬಿಯರ್ ಸರ್, ಏನೂ ಆಗಲ್ಲ" ಅಂತಾರೆ. ನಂಬಬೇಡಿ. ಅಕ್ಕಿ ಹಾಕಿದ ಬಿಯರಿನಲ್ಲೂ ಸಾಮಾನ್ಯವಾಗಿ ಬಾರ್ಲಿ ಮಾಲ್ಟ್ ಇರುತ್ತದೆ. ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದಿ.

ಹಡಗಿನಲ್ಲಿ ಕೆಲಸ ಮಾಡುವ ಭಾವ ಒಮ್ಮೆ ಬಾರ್ಸಿಲೋನಾದ ಡೌರಾ ಬಿಯರ್ ತಂದಿದ್ದರು. ರುಚಿ ಪಕ್ಕಾ ಬಿಯರ್. ಆದರೆ ಅದೂ ಬಾರ್ಲಿಯದ್ದೇ, ಗ್ಲುಟೆನ್ ಪ್ರಮಾಣ ಮಾತ್ರ ತೀರಾ ಇಳಿಸಿರುತ್ತಾರೆ. ನಮ್ಮಲ್ಲಿ ಕಿಲೋಗೆ 20 ಮಿಲಿಗ್ರಾಂ ದಾಟದಿದ್ದರೆ 'ಗ್ಲುಟೆನ್ ಮುಕ್ತ' ಅಂತ ಬರೆಯಬಹುದು. ಕಿಣ್ವ ಹಾಕಿ ಗ್ಲುಟೆನ್ ಒಡೆದ ಬಿಯರಿನಲ್ಲಿ ಉಳಿದ ಚೂರುಗಳು ಪರೀಕ್ಷೆಗೆ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ನಾನು ಆ ದಾರಿಗೆ ಹೋಗಲ್ಲ. ಮಾಂಟ್ರಿಯಲ್‌ನ ಗ್ಲುಟೆನ್‌ಬರ್ಗ್ ಬಿಯರ್ ಥರ ಸಿರಿಧಾನ್ಯದಂಥ ಗ್ಲುಟೆನ್ ಇಲ್ಲದ ಧಾನ್ಯಗಳಿಂದಲೇ ಮಾಡಿದ್ದು ಸಿಕ್ಕರೆ ಅದು ಬೇರೆ ಮಾತು. ಆದರೆ ಕಾರವಾರದಲ್ಲಿ ಎಲ್ಲಿ ಸಿಗಬೇಕು?

ಸೈಡರ್ ಅಂದರೆ ಹುಳಿ ಬರಿಸಿದ ಸೇಬಿನ ರಸ, ಧಾನ್ಯದ ಗೊಡವೆಯೇ ಇಲ್ಲ. ಮತ್ತೇರುವುದೂ ಹೆಚ್ಚುಕಡಿಮೆ ಬಿಯರಿನಷ್ಟೇ. ಐರ್ಲೆಂಡಿನ ಮ್ಯಾಗ್ನರ್ಸ್ ಸೈಡರ್ ನನಗೆ ಸ್ವಲ್ಪ ಸಿಹಿ ಜಾಸ್ತಿ, ಎರಡನೇ ಗ್ಲಾಸಿಗೆ ಬಾಯಿ ಕಟ್ಟುತ್ತದೆ. ದಕ್ಷಿಣ ಆಫ್ರಿಕಾದ ಸವಾನಾ ಡ್ರೈ ಇಷ್ಟ. ಬಾಟಲಿಯ ಬಾಯಿಗೆ ನಿಂಬೆ ತುಂಡು ತುರುಕಿ, ಮಂಜು ಹಿಡಿಯುವಷ್ಟು ತಣ್ಣಗೆ ಮಾಡಿ ಕುಡಿಯಬೇಕು. ಬಿಯರಿನ ಕಹಿ ಮಾತ್ರ ಬರಲ್ಲ, ಅದನ್ನು ಮರೆಯಲೇಬೇಕು. ಪುಣೆಯ ಮೂನ್‌ಶೈನ್‌ನವರ ಆ್ಯಪಲ್ ಮೀಡ್ ಜೇನು ಹುಳಿ ಬರಿಸಿ ಮಾಡಿದ್ದು, ಅದೂ ಚೆನ್ನಾಗಿದೆ. ಇಷ್ಟೆಲ್ಲ ಜೇನಿರುವ ಶಿರಸಿ ಕಡೆ ಯಾರಾದರೂ ಇದನ್ನು ಮಾಡಬಾರದಾ ಅಂತ ಸುಮ್ನೆ ಅನಿಸುತ್ತದೆ.

ಇಲ್ಲಿನ ಅಂಗಡಿಗಳಲ್ಲಿ ಇವು ಯಾವಾಗಲೂ ಸಿಗುತ್ತವೆ ಅನ್ನುವಂತಿಲ್ಲ. ಗೋವಾ ಪಕ್ಕದಲ್ಲೇ ಇದೆ ನಿಜ, ಆದರೆ ಗಡಿಯ ಮಾಜಾಳಿಯಲ್ಲಿ ಅಬಕಾರಿಯವರು ನಿಂತಿರುತ್ತಾರೆ. ಅಲ್ಲೇ ಕುಡಿದು, ಬೇರೆಯವರ ಕೈಗೆ ಗಾಡಿ ಕೊಟ್ಟು ಬನ್ನಿ.

ಇನ್ನು ನಂಜಿಕೊಳ್ಳೋಕೆ ಬಂಗಡೆ ಬೇಕೇ ಬೇಕು, ಅಲ್ವಾ? ರವಾ ಫ್ರೈ ಬೇಡ, ರವೆ ಗೋಧಿಯದ್ದೇ. ಅಕ್ಕಿ ಹಿಟ್ಟು ಹಚ್ಚಿ, ಬೇರೆ ಕಾವಲಿಯಲ್ಲಿ ಹುರಿದು ಕೊಡಿ ಅಂತ ಮೊದಲೇ ಹೇಳಿಬಿಡಿ. ಇಂಗಿನ ಡಬ್ಬಿಯನ್ನೂ ಒಮ್ಮೆ ನೋಡಿ, ತುಂಬ ಬ್ರಾಂಡುಗಳಲ್ಲಿ ಗೋಧಿ ಹಿಟ್ಟು ಸೇರಿಸಿರುತ್ತಾರೆ.