ಸರಿಯಾಗಿದ್ದ ಫ್ಲಿಪ್ ಗಡಿಯಾರವನ್ನು ರಿಪೇರಿಗೆ ಕೊಟ್ಟು ಕೆಡಿಸಿಕೊಂಡೆ

ಹೊರದೇಶದಿಂದ ಬಂದ ಹಳೆಯ ಫ್ಲಿಪ್ ಗಡಿಯಾರ, ಅಂದರೆ ಅಂಕಿ ಅಚ್ಚಾದ ಎಲೆಗಳು ಒಂದೊಂದಾಗಿ ಮಗುಚಿ ಬಿದ್ದು ಸಮಯ ತೋರಿಸುವ ವಿದ್ಯುತ್ ಗಡಿಯಾರ, ನಿಮ್ಮ ಮನೆಯಲ್ಲಿದ್ದರೆ, ರಿಪೇರಿಗೆ ಒಯ್ಯುವ ಮೊದಲು ಅದನ್ನು ಮಗುಚಿ ತಳದ ಚೀಟಿಯನ್ನು ಪೂರ್ತಿ ಓದಿ. ನಾನು ಅರ್ಧ ಮಾತ್ರ ಓದಿದ್ದೆ.

ನಮ್ಮ ಕಾಕಾ 1980ರ ದಶಕದಲ್ಲಿ ಸೌದಿ ಅರೇಬಿಯಾದ ದಮ್ಮಾಮಿನಲ್ಲಿ ದುಡಿದವರು. ಅಲ್ಲಿಂದ ತಂದ ಗಡಿಯಾರ ಬೆಳಗಾವಿಯ ಶಹಾಪುರದ ಮನೆಯ ಷೋಕೇಸಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಕುಳಿತಿತ್ತು. ಕಾಕಾ ತೀರಿಕೊಂಡ ಮೇಲೆ ಕಾಕು ಅದನ್ನು ನನ್ನ ಕೈಗಿಟ್ಟು, "ನಡೆಯುವಂತೆ ಮಾಡಪ್ಪಾ. ಆ ಎಲೆ ಬೀಳುವ ಸಪ್ಪಳವನ್ನು ಇನ್ನೊಮ್ಮೆ ಕೇಳಬೇಕು" ಎಂದರು. ದಮ್ಮಾಮಿನಲ್ಲಿ ಕಾಕಾ ರಾತ್ರಿ ಪಾಳಿಗೆ ಹೋದಾಗ ಕಾಕುವಿಗೆ ಜೊತೆಯಾಗಿದ್ದದ್ದು ನಿಮಿಷಕ್ಕೊಮ್ಮೆ ಬೀಳುವ ಆ ಸಪ್ಪಳವೇ.

ಚೀಟಿಯಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದಿತ್ತು. ನಮ್ಮಲ್ಲಿ 230 ವೋಲ್ಟ್; ನೇರವಾಗಿ ಚುಚ್ಚಿದರೆ ಮೋಟಾರಿನ ಸುರುಳಿ ಸುಟ್ಟುಹೋಗುತ್ತದೆ ಎಂಬುದು ಗೊತ್ತಿತ್ತು. ಖಡೇಬಜಾರಿನಿಂದ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ತಂದು ಜೋಡಿಸಿದೆ. ಗಡಿಯಾರ ಮೊದಲ ಸಲಕ್ಕೇ ನಡೆಯಿತು, ಎಲೆ ಬಿತ್ತು, ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಆದರೆ ಬೆಳಿಗ್ಗೆ ಆರಕ್ಕೆ ಸರಿಮಾಡಿಟ್ಟ ಗಡಿಯಾರ ಮಧ್ಯಾಹ್ನ ಹನ್ನೆರಡಕ್ಕೆ ಹನ್ನೊಂದು ತೋರಿಸುತ್ತಿತ್ತು. ಮರುದಿನವೂ ಅಷ್ಟೇ. ಒಳಗೆ ಧೂಳು ಕಟ್ಟಿದೆ, ಎಣ್ಣೆ ಒಣಗಿದೆ ಎಂದು ನಾನೇ ತೀರ್ಮಾನಿಸಿ ಊರಿನ ಒಂದು ರಿಪೇರಿ ಅಂಗಡಿಗೆ ಒಯ್ದೆ.

ತಪ್ಪಾದದ್ದು ಅಲ್ಲಿಯೇ. ಆ ಗಡಿಯಾರದಲ್ಲಿ ದೋಷವೇ ಇರಲಿಲ್ಲ. ಇಂಥ ಗಡಿಯಾರದ ಸಿಂಕ್ರೊನಸ್ ಮೋಟಾರ್ ವಿದ್ಯುತ್ತಿನ ಆವರ್ತನವನ್ನೇ ಎಣಿಸುತ್ತ ತಿರುಗುತ್ತದೆ. ಸೌದಿಯಲ್ಲಿ ಸೆಕೆಂಡಿಗೆ 60 ಆವರ್ತ (ಚೀಟಿಯಲ್ಲಿದ್ದ 60 ಹರ್ಟ್ಸ್ ಎಂದರೆ ಇದೇ), ನಮ್ಮಲ್ಲಿ 50. ಹಾಗಾಗಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ, ದಿನಕ್ಕೆ ನಾಲ್ಕು ಗಂಟೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಆವರ್ತನವನ್ನು ಮುಟ್ಟುವುದಿಲ್ಲ. ಆರು ಗಂಟೆಗೆ ಸರಿಯಾಗಿ ಒಂದು ಗಂಟೆ ಹಿಂದೆ ಎಂಬ ಲೆಕ್ಕ ಕಣ್ಣೆದುರಿಗೇ ಇತ್ತು. ಧೂಳು ಹಿಡಿದ ಯಂತ್ರ ಅಷ್ಟು ಕರಾರುವಾಕ್ಕಾಗಿ ತಪ್ಪುವುದಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಅಂಗಡಿಯವರು ಎಚ್‌ಎಂಟಿ ಕೈಗಡಿಯಾರಗಳನ್ನು ಚೆನ್ನಾಗಿ ಬಲ್ಲವರು. "ಪೂರಾ ಸರ್ವಿಸ್ ಮಾಡಿಕೊಡುತ್ತೇನೆ ಸರ್" ಎಂದರು. ಏನು ಮಾಡುತ್ತೀರಿ, ಯಾವುದರಿಂದ ಒರೆಸುತ್ತೀರಿ ಎಂದು ನಾನು ಕೇಳಲಿಲ್ಲ. ಜುಲೈ ತಿಂಗಳು, ಬಿಡದ ಮಳೆ. ಮೂರು ವಾರ ಆ ಕಡೆ ಹೋಗಲೂ ಇಲ್ಲ.

ಹೋದಾಗ ಗಡಿಯಾರ ಮಿರಿಮಿರಿ ಮಿಂಚುತ್ತಿತ್ತು. ಒಳಗೆಲ್ಲ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿದ್ದರು. ನಿಮಿಷದ ಉರುಳೆಯಲ್ಲಿ 60 ತೆಳು ಪ್ಲಾಸ್ಟಿಕ್ ಎಲೆಗಳಿರುತ್ತವೆ. ನಡುವೆ ಎಣ್ಣೆಯ ಪಸೆ ಸೇರಿದರೆ ಸಾಕು, ಎರಡೆರಡು ಅಂಟಿಕೊಂಡು ಒಟ್ಟಿಗೆ ಬೀಳುತ್ತವೆ. ಹದಿನಾಲ್ಕರ ನಂತರ ನೇರ ಹದಿನಾರು. ಅದನ್ನು ಸರಿಪಡಿಸಲು ಗುಂಡಿಯನ್ನು ಹಿಮ್ಮುಖವಾಗಿ ಒತ್ತಿ ತಿರುಗಿಸಿದ್ದರಿಂದ ಎರಡು ಎಲೆಗಳನ್ನು ಉರುಳೆಗೆ ಸಿಕ್ಕಿಸುವ ಕಿವಿ ಮುರಿದಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಥಿನ್ನರ್. ಕಲೆ ತೆಗೆಯಲು ಹೋಗಿ ಎಲೆಗಳ ಎರಡೂ ಬದಿಯ ಅಂಕಿಗಳನ್ನೇ ಒರೆಸಿಬಿಟ್ಟಿದ್ದರು. ಒಂದು ಎಲೆಯ ಮುಂಭಾಗದಲ್ಲಿ ಈ ನಿಮಿಷದ ಮೇಲರ್ಧ, ಬೆನ್ನಿನಲ್ಲಿ ಮುಂದಿನ ನಿಮಿಷದ ಕೆಳಗಿನರ್ಧ ಅಚ್ಚಾಗಿರುತ್ತದೆ. ಒಂದು ಹಾಳಾದರೆ ಎರಡು ನಿಮಿಷ ಹಾಳು. ನಮ್ಮದರಲ್ಲಿ 31ರಿಂದ 39ರವರೆಗೆ ಅಂಕಿಗಳೇ ಇಲ್ಲ.

"ಹಳೆಯ ಮಾಲು ಸರ್, ಪಾರ್ಟ್ ಸಿಗುವುದಿಲ್ಲ. ಬೇಕಾದರೆ ಒಳಗೆ ಕ್ವಾರ್ಟ್ಜ್ ಮಷೀನು ಕೂರಿಸಿ ಮುಳ್ಳು ಹಾಕಿಕೊಡುತ್ತೇನೆ" ಎಂದರು. 800 ರೂಪಾಯಿ ಕೊಟ್ಟು, ಅದನ್ನು ಎದೆಗವಚಿಕೊಂಡು ಮಳೆಯಲ್ಲೇ ಮನೆಗೆ ಬಂದೆ.

ಮಾಡಬೇಕಾಗಿದ್ದದ್ದು ಏನೆಂದು ಈಗ ಗೊತ್ತಾಗಿದೆ. ಕೆಲವು ಮಾದರಿಗಳಲ್ಲಿ 50 ಮತ್ತು 60ರ ನಡುವೆ ಬದಲಿಸುವ ಸ್ವಿಚ್ ಇರುತ್ತದೆ, ಮೊದಲು ಅದನ್ನು ಹುಡುಕಿ. ಇಲ್ಲವಾದರೆ 120 ವೋಲ್ಟ್, 60 ಹರ್ಟ್ಸ್ ಎರಡನ್ನೂ ಕೊಡುವ ಇನ್ವರ್ಟರ್ ಬೇಕು. ಮನೆಯ ಸಾಮಾನ್ಯ ಯುಪಿಎಸ್ ಕೊಡುವುದು 50ನ್ನೇ. ಮೋಟಾರ್ ಗುಂಯ್‌ಗುಟ್ಟಿಯೂ ತಿರುಗದಿದ್ದರೆ ಮಾತ್ರ ಅದರ ಹಲ್ಲುಚಕ್ರಗಳ ಡಬ್ಬಿಯನ್ನು ಬಿಚ್ಚಿಸಿ, ಗಟ್ಟಿಯಾದ ಗ್ರೀಸನ್ನು ತೆಗೆಸಿ, ಗಡಿಯಾರದ ಎಣ್ಣೆಯನ್ನು ಹನಿಯಷ್ಟೇ ಬಿಡಿಸಿ. ಎಲೆಗಳಿಗೆ ಒಣ ಮೆದು ಕುಂಚ ಸಾಕು. ಸ್ಪ್ರೇ ಡಬ್ಬಿ ಎತ್ತಿಕೊಂಡವರ ಕೈಯಿಂದ ಗಡಿಯಾರವನ್ನು ವಾಪಸು ತೆಗೆದುಕೊಳ್ಳಿ, ಅವರಿಗೆ ಬೇಸರವಾದರೂ ಪರವಾಗಿಲ್ಲ.

ನಮ್ಮ ಗಡಿಯಾರದ ಒಳಯಂತ್ರ ಜಪಾನಿನ ಕೋಪಾಲ್ ಕಂಪನಿಯದು. ಆ ಯಂತ್ರ ಎಷ್ಟೋ ಬೇರೆ ಹೆಸರಿನ ಗಡಿಯಾರ, ರೇಡಿಯೊಗಳ ಒಳಗೂ ಇದೆ. ಮೋಟಾರ್ ಸುಟ್ಟು ಮೂಲೆ ಸೇರಿದ ಅಂಥದೊಂದು ನಿಮ್ಮ ಅಟ್ಟದ ಮೇಲಿದ್ದು, ನಿಮಿಷದ ಎಲೆಗಳು ಸರಿಯಾಗಿದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ, ನನಗೆ ತಿಳಿಸಿ. ಕಾಕು ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಲೇ ಇದ್ದಾರೆ.