‘ಹೈ ನೋಟ್ ಮೌತ್‌ಪೀಸ್’ ಅಂತ ಕೊಟ್ಟರೆ ತಗೊಳ್ಳಬೇಡಿ

ಮನೆಯಲ್ಲಿ ಟ್ರಂಪೆಟ್, ಕಾರ್ನೆಟ್, ಟ್ರೊಂಬೋನ್ ಕಲಿಯುವ ಮಕ್ಕಳಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬ್ಯಾಂಡ್ ಸೆಟ್‌ಗೆ ಹೊಸದಾಗಿ ಸೇರಿದ ಹುಡುಗರಿಗೂ ಓದಿ ಹೇಳಿ. ವಾದ್ಯದ ತುದಿಗೆ ಸಿಕ್ಕಿಸಿ ತುಟಿಗಿಟ್ಟು ಊದುವ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಒಂದು ಮೌತ್‌ಪೀಸ್‌ನಿಂದ ನನ್ನ ಅಕ್ಕನ ಮಗನ ತುಟಿ ಹಾಳಾಯಿತು. ಇಗರ್ಜಿಯ ಟ್ರಂಪೆಟ್ ಕೂಡ ಹಾಳಾಯಿತು. ಇನ್ನೊಂದು ಮಗುವಿಗೆ ಹೀಗೆ ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ಹುಡುಗ ಪಿಯುಸಿ ಓದುತ್ತಿದ್ದಾನೆ. ಮಂಗಳೂರಿನ ಹತ್ತಿರ ನಮ್ಮ ಇಗರ್ಜಿಯ ಬ್ರಾಸ್ ಬ್ಯಾಂಡ್‌ನಲ್ಲಿ ಸೆಕೆಂಡ್ ಟ್ರಂಪೆಟ್ ನುಡಿಸುತ್ತಾನೆ. ವಾದ್ಯ ಮೀರತ್‌ನದ್ದು. ನಮ್ಮ ದೇಶದ ಬ್ಯಾಂಡ್ ವಾದ್ಯಗಳಲ್ಲಿ ಹೆಚ್ಚಿನವು ಅಲ್ಲಿನ ಜಲಿ ಕೋಠಿಯಿಂದಲೇ ಬರುತ್ತವೆ. ಹಳೆಯ ಟ್ರಂಪೆಟ್ ಆದರೂ ನಾದ ಚೆನ್ನಾಗಿತ್ತು. ಅದರ ಜೊತೆಗಿದ್ದ ಮೌತ್‌ಪೀಸ್ ಒಮ್ಮೆ ಸಿಮೆಂಟ್ ನೆಲಕ್ಕೆ ಬಿದ್ದು ವಾದ್ಯದೊಳಗೆ ಹೋಗುವ ಬಾಲದ ತುದಿ ನೆಗ್ಗಿತ್ತು, ಬದಲಾಯಿಸಲೇಬೇಕಿತ್ತು. ಕ್ರಿಸ್ಮಸ್ ಕಳೆದು ತಪಸ್ಸುಕಾಲ ಶುರುವಾಗುವ ಮುಂಚೆ ನಮ್ಮ ಕಡೆ ಮದುವೆಗಳು ಸಾಲುಸಾಲು. ಆ ಗಡಿಬಿಡಿಯಲ್ಲಿ ಭಾವ ಅವನನ್ನು ಕರೆದುಕೊಂಡು ಒಂದು ವಾದ್ಯದ ಅಂಗಡಿಗೆ ಹೋದರು. ಅಂಗಡಿಯ ಹೆಸರು ಬರೆಯುವುದಿಲ್ಲ. ಇಂಥ ಮಾಲು ಆ ಒಂದೇ ಕಡೆ ಸಿಗುವುದಲ್ಲ, ಆನ್‌ಲೈನ್‌ನಲ್ಲಿ ಬೇಕಾದಷ್ಟಿದೆ.

ಹುಡುಗ ಅಲ್ಲಿ ತನ್ನ ಕಷ್ಟ ಹೇಳಿಕೊಂಡಿದ್ದಾನೆ. ಮೇಲಿನ ಜಿ ಸ್ವರ ದಾಟಿದರೆ ಸದ್ದು ಒಡೆಯುತ್ತದೆ ಅಂತ. ಅಂಗಡಿಯವರು, "ನಿಂದು ತಪ್ಪಲ್ಲ ಮಾರಾಯ, ಮೌತ್‌ಪೀಸ್‌ದು ತಪ್ಪು. ಇದು ಹೈ ನೋಟ್ ಪೀಸ್, ದೊಡ್ಡ ಪಾರ್ಟಿಯವರೆಲ್ಲ ಇದನ್ನೇ ತಗೊಂಡು ಹೋಗುದು" ಅಂದರಂತೆ. ಅದನ್ನೂ ಕೊಟ್ಟರು, ಜೊತೆಗೆ 3ಸಿ, 5ಸಿ, 7ಸಿ ಅಂತ ಅಳತೆಯ ನಂಬರಿನ ಮೊಹರು ಹಾಕಿದ ಮೂರರ ಸೆಟ್ಟನ್ನೂ ಕೊಟ್ಟರು. ಸೆಟ್ಟಿನ ಮೇಲೆ ಪ್ರಸಿದ್ಧ ಕಂಪನಿಯ ಹೆಸರು. ಬೆಲೆ ಮಾತ್ರ ಆ ಕಂಪನಿಯ ಅಸಲಿ ಮೌತ್‌ಪೀಸ್ ಒಂದರ ಕಾಲು ಭಾಗವೂ ಇಲ್ಲ.

ಮೊದಲು ಈ ‘ಹೈ ನೋಟ್’ ವಿಚಾರ. ಮೌತ್‌ಪೀಸ್‌ನ ಬಟ್ಟಲು, ಅಂದರೆ ಕಪ್, ಆಳ ಕಮ್ಮಿ ಇದ್ದರೆ ಸದ್ದು ಚೂಪಾಗುತ್ತದೆ. ಅದು ನಿಜ. ವರ್ಷಗಟ್ಟಲೆ ನುಡಿಸಿ ಪಳಗಿದವರಿಗೆ, ಗಂಟೆಗಟ್ಟಲೆ ಮೇಲಿನ ಸ್ವರದಲ್ಲೇ ಇರಬೇಕಾದವರಿಗೆ ಅದರಿಂದ ಸ್ವಲ್ಪ ಆಯಾಸ ಕಮ್ಮಿ ಆಗುತ್ತದೆ. ಆದರೆ ಇಲ್ಲದ ಸ್ವರವನ್ನು ಯಾವ ಕಪ್ಪೂ ತಂದುಕೊಡುವುದಿಲ್ಲ. ಮೇಲಿನ ಸ್ವರ ಬರುವುದು ತುಟಿಯ ಸುತ್ತಲಿನ ಸ್ನಾಯು ಮತ್ತು ಉಸಿರಿನಿಂದ. ಕಲಿಯುವ ಹುಡುಗರ ತುಟಿ ಇನ್ನೂ ಸಡಿಲ. ಅದು ಕಪ್ಪಿನೊಳಗೆ ಜಾಸ್ತಿ ನುಗ್ಗುತ್ತದೆ. ಕಪ್ ಆಳ ಇಲ್ಲದಿದ್ದರೆ ತುಟಿ ಹೋಗಿ ತಳಕ್ಕೆ ತಾಗುತ್ತದೆ, ಸದ್ದು ಪಟ್ಟನೆ ನಿಂತುಬಿಡುತ್ತದೆ. ಆಗ ಹುಡುಗರು ಏನು ಮಾಡುತ್ತಾರೆ? ಟ್ರಂಪೆಟ್ಟನ್ನು ಇನ್ನಷ್ಟು ಬಾಯಿಗೆ ಒತ್ತುತ್ತಾರೆ. ಒತ್ತಿದರೆ ತುಟಿ ಊದಿಕೊಳ್ಳುತ್ತದೆ. ಊದಿದ ತುಟಿ ಕಪ್ಪಿನೊಳಗೆ ಮತ್ತೂ ಜಾಸ್ತಿ ನುಗ್ಗುತ್ತದೆ.

ನಮ್ಮ ಹುಡುಗನಿಗೆ ಆದದ್ದು ಇದೇ. ಮನೆಯಲ್ಲಿ ಐದು ನಿಮಿಷ ಊದಿ ನೋಡಿದಾಗ ಎಲ್ಲ ಚೆನ್ನಾಗಿತ್ತು, ಸದ್ದು ಚುರುಕಾಗಿ ಕೇಳಿಸಿತು, ಅವನಿಗೂ ಖುಷಿ. ಮದುವೆಯ ದಿನ ದಿಬ್ಬಣದ ಜೊತೆ ಬಿಸಿಲಿನಲ್ಲಿ ನಡೆಯುತ್ತಾ ನುಡಿಸುವಾಗ ಅರ್ಧಕ್ಕೇ ಸದ್ದು ಕೈಕೊಟ್ಟಿತು. ಅವನು ಒತ್ತಿ ಒತ್ತಿ ಮುಗಿಸಿದ. ಸಂಜೆ ನೋಡಿದರೆ ಮೇಲ್ತುಟಿಯ ಮೇಲೆ ಕೆಂಪು ಬಳೆಯಂತೆ ಗುರುತು, ಒಳಗಡೆ ಹಲ್ಲು ಒತ್ತಿದ ಕಡೆ ಸೀಳು. "ಮಾಮಾ, ತುಟಿ ಜೋಮು ಹಿಡಿದ ಹಾಗಿದೆ, ಮಾತಾಡಲಿಕ್ಕೂ ಆಗ್ತಿಲ್ಲ" ಅಂದ. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ತುಟಿಯ ಪೆಟ್ಟನ್ನು ಹಗುರವಾಗಿ ತಗೊಳ್ಳುವಂತಿಲ್ಲ. 1930ರ ದಶಕದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರಂಥ ದೊಡ್ಡ ಟ್ರಂಪೆಟ್ ವಾದಕರೇ ತುಟಿ ಕೆಟ್ಟು ತಿಂಗಳುಗಟ್ಟಲೆ ನುಡಿಸುವುದನ್ನು ನಿಲ್ಲಿಸಬೇಕಾಯಿತು. ತುಟಿಯ ಸ್ನಾಯು ಹರಿಯುವುದಕ್ಕೆ ಈಗಲೂ ಅವರ ಅಡ್ಡಹೆಸರು ಸೇರಿಸಿ ಸ್ಯಾಚ್ಮೋ ಸಿಂಡ್ರೋಮ್ ಅನ್ನುತ್ತಾರೆ. ನಮ್ಮವನ ಸ್ನಾಯುವಿಗೆ ಏನೂ ಆಗಿರಲಿಲ್ಲ, ದೇವರ ದಯೆ.

ಆದರೆ ನುಡಿಸುವುದು ಬಿಟ್ಟರೂ ಕೆಂಪು ಇಳಿಯಲಿಲ್ಲ. ತುರಿಕೆ ಶುರುವಾಯಿತು, ಸಣ್ಣ ನೀರುಗುಳ್ಳೆ ಎದ್ದವು. ಚರ್ಮದ ಡಾಕ್ಟರು ನೋಡಿ, ಬೆಲ್ಟಿನ ಬಕಲ್, ಜೀನ್ಸ್ ಗುಂಡಿ ತಾಗಿದ ಕಡೆ ಕೆರೆತ ಆಗುತ್ತದಾ ಅಂತ ಕೇಳಿದರು. ಹೊಕ್ಕುಳದ ಕೆಳಗೆ ಅವನಿಗೆ ಮೊದಲಿಂದಲೂ ಅದು ಇತ್ತು. ಚರ್ಮಕ್ಕೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಮಾಡಿದಾಗ ನಿಕ್ಕಲ್ ಅಲರ್ಜಿ ಅಂತ ಗೊತ್ತಾಯಿತು. ಒಳ್ಳೆಯ ಮೌತ್‌ಪೀಸ್ ಅಂದರೆ ಹಿತ್ತಾಳೆಯ ಮೇಲೆ ಬೆಳ್ಳಿಯ ಲೇಪ. ಬೆಳ್ಳಿಯೂ ಆಗದವರಿಗೆ ಚಿನ್ನದ ಲೇಪದ್ದು ಬರುತ್ತದೆ, ಪ್ಲಾಸ್ಟಿಕ್ ರಿಮ್, ಅಂದರೆ ತುಟಿಗೆ ತಾಗುವ ಅಂಚು, ಇರುವುದೂ ಇದೆ. ಅಗ್ಗದ ಮಾಲಿಗೆ ನಿಕ್ಕಲ್ ಬಳಿದು ಬೆಳ್ಳಿ ಅಂತ ಮಾರುತ್ತಾರೆ. ನಮ್ಮದರಲ್ಲಿ ರಿಮ್ಮಿನ ಒಳ ಅಂಚಿನಲ್ಲಿ ಲೇಪ ಆಗಲೇ ಸಿಪ್ಪೆ ಎದ್ದಿತ್ತು. ಉಗುರು ಆಡಿಸಿದರೆ ತರಕಲು ಸಿಕ್ಕುತ್ತಿತ್ತು, ಕೆಳಗೆ ಹಳದಿ ಲೋಹ ಕಾಣುತ್ತಿತ್ತು. ಅಸಲಿ ಬೆಳ್ಳಿ ಲೇಪ ಬಳಸುತ್ತಾ ಕಪ್ಪಾಗುತ್ತದೆ, ಒರೆಸಿದರೆ ಹೊಳಪು ಬರುತ್ತದೆ. ಎಷ್ಟು ತಿಂಗಳಾದರೂ ಕನ್ನಡಿಯ ಹಾಗೆ ಹೊಳೆಯುತ್ತಲೇ ಇದ್ದರೆ ಅದು ಬೆಳ್ಳಿ ಇರಲಿಕ್ಕಿಲ್ಲ.

ಇನ್ನು ಟ್ರಂಪೆಟ್ಟಿನ ಕತೆ. ಮೌತ್‌ಪೀಸ್‌ನ ಬಾಲ, ಅಂದರೆ ಶ್ಯಾಂಕ್, ತುದಿಯ ಕಡೆ ಸ್ವಲ್ಪ ಸ್ವಲ್ಪವೇ ಸಪೂರ ಆಗುತ್ತಾ ಹೋಗುತ್ತದೆ. ಅದು ಕೂರುವ ಟ್ರಂಪೆಟ್ಟಿನ ರಿಸೀವರಿನ ಒಳಗೂ ಅದೇ ಇಳಿಜಾರು ಇರಬೇಕು. ಎರಡೂ ಹೊಂದಿದರೆ ಸುಮ್ನೆ ಇಟ್ಟು ಚೂರು ತಿರುಗಿಸಿದರೆ ಸಾಕು, ಅಲ್ಲಾಡದೆ ಕೂತುಕೊಳ್ಳುತ್ತದೆ. ಹುಡುಗನಿಗೆ ಕೊಟ್ಟದ್ದರ ಇಳಿಜಾರು ಬೇರೆ ಇತ್ತು. ಒಂದೇ ಕಡೆ, ರಿಸೀವರಿನ ಬಾಯಿಯ ಹತ್ತಿರ ಮಾತ್ರ ಹಿಡಿದುಕೊಳ್ಳುತ್ತಿತ್ತು, ತುದಿ ಒಳಗೆ ಗಾಳಿಯಲ್ಲಿ ಅಲ್ಲಾಡುತ್ತಿತ್ತು. ಅಂಗಡಿಯಲ್ಲೇ ಅದು ಲೊಡಲೊಡ ಅಂದಿದೆ. ಅದಕ್ಕೆ ಅವರು ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿ ಕೊಟ್ಟು, ಟೇಪು ಹೋದ ಮೇಲೆ ಅಂಗೈಯಿಂದ ಒಂದು ಪೆಟ್ಟು ಹಾಕಿದರೆ ಗಟ್ಟಿ ನಿಲ್ಲುತ್ತದೆ ಅಂತಲೂ ಹೇಳಿದ್ದಾರೆ. ಯಾರು ಹೇಳಿದರೂ ಇದನ್ನು ಮಾಡಬೇಡಿ! ಟ್ರಂಪೆಟ್ ಕೊಳವೆ ಕಾಗದದಷ್ಟು ತೆಳು ಅಲ್ಲದಿದ್ದರೂ ತೆಳುವೇ. ಅವರು ಹೇಳಿದ ಹಾಗೆ ನಮ್ಮ ಹುಡುಗ ಪೆಟ್ಟು ಹಾಕಿದ. ಮೌತ್‌ಪೀಸ್ ಸಿಕ್ಕಿಹಾಕಿಕೊಂಡಿತು.

ಅದೇ ಅಂಗಡಿಗೆ ತಗೊಂಡು ಹೋದರು. ಅಲ್ಲಿನ ಹುಡುಗ ಟ್ರಂಪೆಟ್ಟನ್ನು ತೊಡೆಯ ನಡುವೆ ಇಟ್ಟು, ಪ್ಲೈಯರ್ ಹಾಕಿ ತಿರುಚಿದ. ಮೌತ್‌ಪೀಸ್ ಬಂತು, ಜೊತೆಗೆ ಲೀಡ್‌ಪೈಪೂ, ಅಂದರೆ ಮೌತ್‌ಪೀಸ್ ಕೂರುವ ಮೊದಲ ಕೊಳವೆಯೂ, ತಿರುಚಿತು. ಕೊಳವೆಗಳನ್ನು ಹಿಡಿದಿಡುವ ಅಡ್ಡಪಟ್ಟಿಯ ಬೆಸುಗೆ ಬಿಟ್ಟುಹೋಯಿತು. ಈಗ ಆ ಟ್ರಂಪೆಟ್‌ನಲ್ಲಿ ಯಾವ ಸ್ವರವೂ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ಮೌತ್‌ಪೀಸ್ ತೆಗೆಯಲಿಕ್ಕೆಂದೇ ಪುಲ್ಲರ್ ಅಂತ ಒಂದು ಸಾಧನ ಇದೆ. ಸ್ಕ್ರೂ ತಿರುಗಿಸಿದ ಹಾಗೆ ಅದು ನೇರವಾಗಿ ಹೊರಗೆ ಎಳೆಯುತ್ತದೆ, ಪೈಪು ತಿರುಚುವುದೇ ಇಲ್ಲ. ಹಳೆಯ ಬ್ಯಾಂಡ್‌ನವರ ಹತ್ತಿರ ಸಾಮಾನ್ಯವಾಗಿ ಇರುತ್ತದೆ, ಪೊಲೀಸ್ ಬ್ಯಾಂಡ್‌ನಲ್ಲಿ ಪರಿಚಯದವರಿದ್ದರೆ ಕೇಳಿ. ಅದು ಸಿಗುವವರೆಗೆ ಟ್ರಂಪೆಟ್ ಹಾಗೇ ಇರಲಿ. 7ಸಿ ಅನ್ನುವ ನಂಬರು ನಮಗೆಲ್ಲ ಗೊತ್ತಾದದ್ದು ಬಾಖ್ ಕಂಪನಿ ಕಟ್ಟಿದ ವಿನ್ಸೆಂಟ್ ಬಾಖ್ ಅವರಿಂದ. ಅವರೂ ಮೊದಲು ಟ್ರಂಪೆಟ್ ವಾದಕರೇ. 1918ರಲ್ಲಿ ರಿಪೇರಿಯವರು ತಮ್ಮ ಮೌತ್‌ಪೀಸ್ ಹಾಳು ಮಾಡಿದ ಮೇಲೆ ತಾವೇ ಮಾಡಲು ಇಳಿದರು ಅಂತ ಹೇಳುತ್ತಾರೆ.

ಆ ನಂಬರುಗಳ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಮೋಸ ಆಗುವುದು ಅಲ್ಲೇ. ಬಾಖ್ ಲೆಕ್ಕದಲ್ಲಿ ನಂಬರು ಚಿಕ್ಕದಾದಷ್ಟೂ ಕಪ್ ಅಗಲ. ಅಕ್ಷರದಲ್ಲಿ ಎ ಅಂದರೆ ತುಂಬ ಆಳ, ಎಫ್ ಅಂದರೆ ಆಳ ಕಮ್ಮಿ. ಯಮಾಹಾ ಲೆಕ್ಕದಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ನಂಬರು ದೊಡ್ಡದಾದಷ್ಟೂ ಅಗಲ ಜಾಸ್ತಿ, ಎ ಅಂದರೆ ಆಳ ಕಮ್ಮಿ, ಇ ಅಂದರೆ ಆಳ ಜಾಸ್ತಿ. ಶಿಲ್ಕಿ ಕಂಪನಿಯದ್ದೂ ಯಮಾಹಾ ಥರವೇ. ಹಾಗಾಗಿ ಕಂಪನಿಯ ಹೆಸರಿಲ್ಲದೆ ಬರೀ ನಂಬರು ಹೇಳುವ ಅಂಗಡಿಯವರನ್ನು ನಂಬಬೇಡಿ. ಬಾಖ್ ಪಟ್ಟಿಯಲ್ಲಿ 7ಸಿ ಅಗಲ 16.20 ಮಿಲಿಮೀಟರ್, 5ಸಿ 16.25, 3ಸಿ 16.30. ವ್ಯತ್ಯಾಸ ಎಷ್ಟು ಸಣ್ಣದು ನೋಡಿ! ಅಷ್ಟು ಸೂಕ್ಷ್ಮವಾಗಿ ಕಡೆಯಲಿಕ್ಕೆ ಒಳ್ಳೆಯ ಯಂತ್ರ ಬೇಕು, ತಾಳ್ಮೆ ಬೇಕು.

ಲೇತ್ ಕೆಲಸ ಮಾಡುವ ಗೆಳೆಯನೊಬ್ಬ ನಮ್ಮ ಸೆಟ್ಟನ್ನು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದು ನೋಡಿದ. 3ಸಿ ಮತ್ತು 7ಸಿ ನಡುವೆ ಅವನಿಗೆ ವ್ಯತ್ಯಾಸವೇ ಸಿಗಲಿಲ್ಲ. 5ಸಿ ಅಂತ ಬರೆದದ್ದು ಎರಡಕ್ಕಿಂತಲೂ ಅಗಲ ಇತ್ತು. ಆಮೇಲೆ ಡ್ರಿಲ್ ಬಿಟ್‌ಗಳ ಹಿಂಬದಿಯಿಂದ ಥ್ರೋಟ್ ನೋಡಿದ, ಅಂದರೆ ಕಪ್ಪಿನ ತಳದ ತೂತು. ಬಾಖ್ ಟ್ರಂಪೆಟ್ ಮೌತ್‌ಪೀಸ್‌ಗಳಲ್ಲಿ ಅದು ಸಾಮಾನ್ಯವಾಗಿ 3.66 ಮಿಲಿಮೀಟರ್. ಒಂದರಲ್ಲಿ 3.5ರ ಬಿಟ್ ಕೂಡ ಹೋಗಲಿಲ್ಲ, ಇನ್ನೊಂದರಲ್ಲಿ 4ರದ್ದು ಸಲೀಸಾಗಿ ಇಳಿಯಿತು. ಬೆಳಕಿಗೆ ಹಿಡಿದರೆ ತೂತಿನ ಅಂಚಿನಲ್ಲಿ ಲೋಹದ ಮುಳ್ಳು ಬರಿಗಣ್ಣಿಗೇ ಕಾಣುತ್ತಿತ್ತು. ಮೊಹರು ನಕಲಿ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಹಾಗಾದರೆ ತಗೊಳ್ಳುವಾಗ ಏನು ನೋಡಬೇಕು? ಮೊದಲನೆಯದಾಗಿ, ನಿಮ್ಮ ವಾದ್ಯ ಜೊತೆಗೇ ಒಯ್ಯಿರಿ. ಮೌತ್‌ಪೀಸ್ ಒಂದನ್ನೇ ಕೈಯಲ್ಲಿ ಹಿಡಿದು ಏನೂ ಗೊತ್ತಾಗುವುದಿಲ್ಲ. ಮೆತ್ತಗೆ ಇಟ್ಟು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕೂದಲೆಳೆಯಷ್ಟೂ ಅಲುಗಬಾರದು. ಟ್ರಂಪೆಟ್ ಆದರೆ ಸುಮಾರು ಒಂದು ಇಂಚು ಒಳಗೆ ಹೋಗಬೇಕು. ಕಾರ್ನೆಟ್ ಶ್ಯಾಂಕ್ ಸಪೂರ, ಅದನ್ನು ಟ್ರಂಪೆಟ್‌ಗೆ ಹಾಕಿದರೆ ಜಾರಿ ಒಳಗೆ ಹೋಗುತ್ತದೆ. ಟ್ರೊಂಬೋನ್‌ನಲ್ಲಿ ಸಣ್ಣ ಶ್ಯಾಂಕ್, ದೊಡ್ಡ ಶ್ಯಾಂಕ್ ಅಂತ ಎರಡಿದೆ, ಯಾವುದು ಅಂತ ತಿಳಿದೇ ಹೋಗಿ. ನಮ್ಮ ದೇಶದಲ್ಲಿ ಮಾಡಿದ ಹಳೆಯ ವಾದ್ಯಗಳ ರಿಸೀವರ್ ನಾನು ನೋಡಿದ ಮಟ್ಟಿಗೆ ಒಂದೊಂದು ಒಂದೊಂದು ಥರ. ಅಸಲಿ ಮೌತ್‌ಪೀಸ್ ಕೂಡ ಕೆಲವಕ್ಕೆ ಹೊಂದುವುದಿಲ್ಲ. ಹಾಗಾಗಿ ಆನ್‌ಲೈನ್ ಆದರೆ ವಾಪಸ್ ತಗೊಳ್ಳುತ್ತಾರಾ ಅಂತ ನೋಡದೆ ಕೊಳ್ಳಬೇಡಿ.

ಹೊಂದಿದ ಮೇಲೆ ಊದಿ ನೋಡಿ, ಆದರೆ ಮೇಲಿನ ಸ್ವರದಿಂದ ಶುರು ಮಾಡಬೇಡಿ. ಅಂಗಡಿಯಲ್ಲಿ ಎಲ್ಲರೂ ಮಾಡುವುದು ಅದೇ, ಹೊಸ ಪೀಸ್‌ನಲ್ಲಿ ಮೊದಲ ಐದು ನಿಮಿಷ ಎಲ್ಲರಿಗೂ ಸ್ವರ ಬರುತ್ತದೆ. ಕೆಳಗಿನ ಸಿ ಸ್ವರವನ್ನು ಮೆಲ್ಲಗೆ, ಉದ್ದಕ್ಕೆ ಹಿಡಿಯಿರಿ. ಮೆಲ್ಲಗೆ ಊದಿದಾಗ ಸದ್ದು ತಡವಾಗದೆ ಹುಟ್ಟುತ್ತದಾ ನೋಡಿ. ಟ್ಯೂನರ್ ಇಟ್ಟುಕೊಂಡು ಕೆಳಗಿನ ಸಿ, ಮೇಲಿನ ಸಿ ಎರಡೂ ಸರಿ ನಿಲ್ಲುತ್ತವಾ ನೋಡಿ. ಸಾಧ್ಯವಾದರೆ ಮಾಸ್ಟರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರು ದೂರ ನಿಂತು ಕೇಳಲಿ. ಊದುವವರ ಕಿವಿಗೆ ಕೇಳುವುದೇ ಬೇರೆ, ಎದುರಿಗೆ ನಿಂತವರಿಗೆ ಕೇಳುವುದೇ ಬೇರೆ. ಕಲಿಯುವವರಿಗೆ ಬಾಖ್ 7ಸಿ, 5ಸಿ ಅಥವಾ ಯಮಾಹಾ 11ಬಿ4 ಅಳತೆಯದ್ದು ಸಾಕು. ಅಸಲಿ ಹೊಸದಕ್ಕೆ ದುಡ್ಡು ಜಾಸ್ತಿ ಅನಿಸಿದರೆ ಅಸಲಿ ಹಳೆಯದ್ದನ್ನು ತಗೊಳ್ಳಿ. ನೆಗ್ಗಿರಬಾರದು, ರಿಮ್ಮಿನ ಲೇಪ ಹೋಗಿರಬಾರದು, ಅಷ್ಟೇ. ಚೆನ್ನಾಗಿ ತೊಳೆದು ಬಳಸಿದರೆ ವರ್ಷಗಟ್ಟಲೆ ಬಾಳುತ್ತದೆ. ನಮ್ಮ ಹುಡುಗನಿಗೆ ಈಗ ಬ್ಯಾಂಡ್‌ನ ಹಿರಿಯರೊಬ್ಬರು ತಮ್ಮ ಹಳೆಯ ಮೌತ್‌ಪೀಸ್‌ಗೆ ಚಿನ್ನದ ಲೇಪ ಹಾಕಿಸಿ ಕೊಟ್ಟಿದ್ದಾರೆ. ಡಾಕ್ಟರು ಒಪ್ಪಿದ ಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಶುರು ಮಾಡಿದ್ದಾನೆ, ಬರೀ ಕೆಳಗಿನ ಸ್ವರ.

ಕೊನೆಯದಾಗಿ ಬಿಲ್ಲು. ಭಾವನಿಗೆ ಕೊಟ್ಟ ಬಿಲ್ಲಿನಲ್ಲಿ ಬರೆದದ್ದು ‘ಮ್ಯೂಸಿಕ್ ಐಟಂ’ ಅಂತ ಮಾತ್ರ. ಕಂಪನಿಯ ಹೆಸರಿಲ್ಲ, ನಂಬರಿಲ್ಲ. ವಾಪಸ್ ಕೊಡಲು ಹೋದಾಗ "ಅದು ನಮ್ಮಲ್ಲಿ ತಗೊಂಡದ್ದೇ ಅಲ್ಲ" ಅಂದುಬಿಟ್ಟರು. ನೀವು ತಗೊಳ್ಳುವಾಗ ಕಂಪನಿ, ಮಾದರಿ, ‘ಬೆಳ್ಳಿ ಲೇಪ’ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ದುಡ್ಡು ಕೊಡದೆ ಎದ್ದು ಬನ್ನಿ. ಬರೆದು ಕೊಟ್ಟೂ ಮೋಸ ಮಾಡಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಬಿಲ್ಲು ಮತ್ತು ಮೌತ್‌ಪೀಸ್‌ನ ಫೋಟೋ ಎರಡೂ ತೆಗೆದಿಟ್ಟುಕೊಂಡಿರಿ.